ಬರೆದದ್ದು ಕನ್ನಡ, ತಲುಪಿದ್ದು ಪ್ರಶ್ನೆ ಚಿಹ್ನೆ!

ಕನ್ನಡದ ಹುಡುಗ ಹುಡುಗಿಯರೇ,

ಈ ಪತ್ರಿಕೆ ಹಿಡಿದಿರುವ ನಿಮ್ಮ ಜೇಬಿನಲ್ಲಿ ಮೊಬೈಲ್ ಫೋನ್ ಇದ್ದೇ ಇರುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ. ಜಿಮೇಲ್‌ನಲ್ಲಿ ಹೊಸ ಖಾತೆ ತೆರೆಯಲು ಹೊರಡಿ. ಹೆಸರು ಕೇಳಿದ ಕಡೆ ಕನ್ನಡದಲ್ಲಿ ಬರೆಯಿರಿ. ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಮುಂದೆ ವಿಳಾಸ ಕೇಳುತ್ತದೆ. ಅದನ್ನೂ ಕನ್ನಡದಲ್ಲೇ ಬರೆಯಿರಿ. ಆಗುವುದಿಲ್ಲ! ಇಂಗ್ಲಿಷಿನ ಅಕ್ಷರ, ಅಂಕಿ, ಚುಕ್ಕೆ ಇಷ್ಟೇ ನಡೆಯುತ್ತದೆ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ನೀವು ತುಂಗೆಯ ನೀರು ಕುಡಿದು ಬೆಳೆದವರಿರಬಹುದು, ಭದ್ರೆಯ ನೀರು ಕುಡಿದವರಿರಬಹುದು. ಇ-ಮೇಲ್ ಲೋಕದಲ್ಲಿ ನಿಮಗೊಂದು ವಿಳಾಸ ಬೇಕಾದರೆ ಮೊದಲು ನಿಮ್ಮ ಹೆಸರನ್ನು ಇಂಗ್ಲಿಷಿಗೆ ಒಪ್ಪಿಸಬೇಕು.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. 'ಶಿಮೊಗ' ಹೋಗಿ 'ಶಿವಮೊಗ್ಗ' ಬಂತು. ನಮ್ಮದೇ ಜಿಲ್ಲೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಕೇಳುತ್ತಾ ಬಂದಿದ್ದ ಕೆಲಸ ಅದು. ಅವರು ಕಣ್ಣು ಮುಚ್ಚಿದ ಎರಡು ತಿಂಗಳ ಮೇಲೆ ಕೈಗೂಡಿತು. ಒಳ್ಳೆಯದೇ ಆಯಿತು. ಆದರೆ ಫಲಕದ ಮೇಲೆ ಹೆಸರು ಬದಲಾದರೆ ಸಾಲದು. ಆ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿದರೆ ಅದು ಕೆಡದೆ ಇನ್ನೊಂದು ಊರು ಮುಟ್ಟಬೇಕು. ಇಂದಿಗೂ ಈ ಮಾತಿಗೆ ಪೂರ್ತಿ ಗ್ಯಾರಂಟಿ ಇಲ್ಲ. ಈ ವಾರ ಮಾತಾಡಬೇಕಾದದ್ದು ಅದನ್ನೇ.

ಕಾಗದ ಭೇದ ಮಾಡಲಿಲ್ಲ

ಭದ್ರಾವತಿ ಕಾಗದದ ಊರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಅಂದರೆ ನಮ್ಮೆಲ್ಲರ ಎಂಪಿಎಂ, ದಶಕಗಟ್ಟಲೆ ಬರೆಯುವ ಕಾಗದವನ್ನೂ ಪತ್ರಿಕೆಗಳ ಕಾಗದವನ್ನೂ ತಯಾರಿಸಿತು. ಆ ಕಾಗದಕ್ಕೆ ಜಾತಿ ಗೊತ್ತಿರಲಿಲ್ಲ. ಕನ್ನಡ ಬರೆದರೆ ಕನ್ನಡವನ್ನು ಹೊತ್ತಿತು, ಉರ್ದು ಬರೆದರೆ ಉರ್ದುವನ್ನು, ತಮಿಳು ಬರೆದರೆ ತಮಿಳನ್ನು. ಪೇಪರ್‌ಟೌನಿನಿಂದ ಒಬ್ಬ ತಾಯಿ ದೂರದ ಮಗನಿಗೆ ಕಾರ್ಡು ಬರೆದರೆ, ಅಂಚೆಯಣ್ಣ ಆ ಕಾರ್ಡಿನಲ್ಲಿದ್ದ ಒತ್ತಕ್ಷರ ಕಿತ್ತುಹಾಕಿ ಕೊಡುತ್ತಿರಲಿಲ್ಲ. 2015ರ ಹೊತ್ತಿಗೆ ಆ ಕಾರ್ಖಾನೆಯ ಯಂತ್ರಗಳು ನಿಂತವು. ಕಾಗದ ಬರೆಯುವ ರೂಢಿಯೂ ನಿಂತಿತು. ಇ-ಮೇಲ್ ಬಂತು. ಕಾಗದಕ್ಕಿಂತ ಸಾವಿರ ಪಾಲು ಜೋರು. ಆದರೆ ಕಾಗದಕ್ಕಿದ್ದ ಒಂದು ಗುಣ ಇದಕ್ಕೆ ಹುಟ್ಟಿನಿಂದ ಬರಲಿಲ್ಲ.

ಯಾಕೆ ಬರಲಿಲ್ಲ? ಅದಕ್ಕೊಂದು ಇಸವಿ ಇದೆ. 1982. ಆ ವರ್ಷ ಕರ್ನಾಟಕದ ಬೀದಿಗಳಲ್ಲಿ ಗೋಕಾಕ್ ಚಳವಳಿ ನಡೆದಿತ್ತು. ಡಾ. ರಾಜ್‌ಕುಮಾರ್ ಊರೂರು ತಿರುಗಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಕೂಗಿದ್ದರು. ಅದೇ 1982ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಇ-ಮೇಲ್ ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಹೇಗೆ ಹೋಗಬೇಕೆಂಬ ನಿಯಮ ಬರೆದರು. ಆ ನಿಯಮ ಒಪ್ಪಿದ್ದು ಬರೀ 128 ಸಂಕೇತಗಳನ್ನು. ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ಒಂದಷ್ಟು ಚಿಹ್ನೆ. ಅಲ್ಲಿಗೆ ಲೆಕ್ಕ ಮುಗಿಯಿತು. ಕನ್ನಡದ ವಿರುದ್ಧ ಯಾರೂ ಸಂಚು ಮಾಡಿರಲಿಲ್ಲ. ಕನ್ನಡ ಎಂಬುದೊಂದು ಇದೆ ಎಂದು ಆ ಕೋಣೆಯಲ್ಲಿ ಯಾರಿಗೂ ನೆನಪಾಗಲಿಲ್ಲ, ಅಷ್ಟೆ. ಚಳವಳಿಯ ಕೂಗು ಶಾಲೆಯ ಬಾಗಿಲು ಮುಟ್ಟಿತು. ಗಣಕದ ಬಾಗಿಲು ಎಲ್ಲಿದೆ ಎಂದು ಆಗ ನಮಗೂ ಗೊತ್ತಿರಲಿಲ್ಲ.

ಚೀಲದ ಮೇಲಿನ ಚೀಟಿ

ಹಾಗಾದರೆ ಕನ್ನಡ ಇ-ಮೇಲ್ ಹೇಗೆ ಹೋಗುತ್ತದೆ? ಶಿವಮೊಗ್ಗದ ಅಡಿಕೆ ಮಂಡಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೀಲದೊಳಗೆ ಸರಕು ಇದೆಯೋ, ಬೆಟ್ಟೆ ಇದೆಯೋ, ರಾಶಿ ಇದೆಯೋ, ಗೊರಬಲು ಇದೆಯೋ ಎಂದು ಹೊರಗೆ ಗುರುತು ಇರಬೇಕು. 1992ರ ನಂತರ ಇ-ಮೇಲಿಗೂ ಇಂಥದೇ ಏರ್ಪಾಡು ಬಂತು. ಕನ್ನಡವನ್ನು ಇಂಗ್ಲಿಷ್ ಸಂಕೇತಗಳ ಚೀಲದಲ್ಲಿ ತುಂಬುವುದು, 'ಒಳಗಿರುವುದು ಇಂಥ ಲಿಪಿಸಂಕೇತ' ಎಂದು ಮೇಲೆ ಚೀಟಿ ಅಂಟಿಸುವುದು. ತಲುಪಿದ ಕಡೆ ಚೀಟಿ ಓದಿ ಚೀಲ ಬಿಚ್ಚಬೇಕು. ಚೀಟಿ ಸರಿಯಿದ್ದರೆ ಕನ್ನಡ ಕನ್ನಡವಾಗಿ ಕಾಣುತ್ತದೆ. ಚೀಟಿ ಇಲ್ಲದಿದ್ದರೆ, ತಪ್ಪಿದ್ದರೆ, ನಡುವಿನ ಯಾವುದೋ ಹಳೇ ತಂತ್ರಾಂಶ ಅದನ್ನು ಕಿತ್ತು ಬಿಸಾಕಿದರೆ, ಕೆಲಸ ಕೆಟ್ಟಿತು!

ಕೆಡುವುದರಲ್ಲೂ ಎರಡು ಬಗೆ ಇದೆ. ಇದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ತಲೆಯ ಮೇಲೆ ಗೀಟು ಹಾಕಿದ ಇಂಗ್ಲಿಷಿನ ಎ, ಅದರ ಪಕ್ಕ ಮೇಲ್ಗಡೆ ಪುಟ್ಟದೊಂದು 2 ಅಥವಾ 3, ಹೀಗೆ ಸಾಲುಸಾಲಾಗಿ ಕಂಡರೆ ಹೆದರಬೇಡಿ. ನಿಮ್ಮ ಕನ್ನಡ ಒಳಗೆ ಜೀವಂತವಾಗಿದೆ, ಚೀಟಿ ಮಾತ್ರ ತಪ್ಪಾಗಿದೆ. ಸರಿಯಾದ ಲಿಪಿಸಂಕೇತ ಆರಿಸಿ ತೆರೆದರೆ ಎದ್ದು ಬರುತ್ತದೆ. ಆದರೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಅಕ್ಷರ ಸತ್ತಿದೆ ಎಂದೇ ಅರ್ಥ. ದಾರಿಯಲ್ಲಿ ಯಾವುದೋ ಯಂತ್ರ 'ಇದು ನನಗೆ ಗೊತ್ತಿಲ್ಲ' ಎಂದು ಒಂದೊಂದು ಅಕ್ಷರವನ್ನೂ ತೆಗೆದು ಅದರ ಜಾಗಕ್ಕೆ ಪ್ರಶ್ನೆ ಚಿಹ್ನೆ ಕೂರಿಸಿದೆ. ಇನ್ನು ಬ್ರಹ್ಮ ಬಂದರೂ ಅದನ್ನು ಓದಲಾರ. ಕಳಿಸಿದವರನ್ನೇ ಮತ್ತೆ ಕೇಳಬೇಕು.

ಕಳಿಸಿದವರು ಯಾರು ಎಂಬುದೇ ಇಲ್ಲಿ ದೊಡ್ಡ ಮಾತು. ಬಾಕಿ ಹಣಕ್ಕಾಗಿ ಅರ್ಜಿ ಬರೆದ ನಿವೃತ್ತ ಕಾರ್ಮಿಕರಾಗಿರಬಹುದು. ತೋಟಕ್ಕೆ ರೋಗ ಬಿದ್ದಿದೆ ಎಂದು ಇಲಾಖೆಗೆ ಬರೆದ ತೀರ್ಥಹಳ್ಳಿ ಕಡೆಯ ಬೆಳೆಗಾರರಾಗಿರಬಹುದು. ಅವರಿಗೆ 'ಕಳಿಸಲಾಗಿದೆ' ಎಂದು ತೋರಿಸಿ ಯಂತ್ರ ಸುಮ್ಮನಾಗಿರುತ್ತದೆ. ಅತ್ತ ಮೇಜಿನ ಮುಂದೆ ಕೂತವರು ಪ್ರಶ್ನೆ ಚಿಹ್ನೆಗಳನ್ನು ನೋಡಿ ಅಳಿಸಿಹಾಕಿರುತ್ತಾರೆ. ಉತ್ತರ ಬರಲಿಲ್ಲವೆಂದು ಇವರು ಕಾಯುತ್ತಾರೆ. ಅರ್ಜಿಯೇ ಬಂದಿಲ್ಲವೆಂದು ಅವರು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ಸತ್ತದ್ದು ಕನ್ನಡ!

ಎರಡೂರ ಹೆಸರು ಒಂದು ಪೊಟ್ಟಣಕ್ಕೆ ಹಿಡಿಸದು

ಇಷ್ಟೇ ಅಲ್ಲ. ಇ-ಮೇಲ್ ತಂತ್ರಾಂಶ ಮಾಡುವವರೆಲ್ಲರಿಗೂ ಗೊತ್ತಿರುವ, ಆದರೂ ಅಲ್ಲಲ್ಲಿ ಉಳಿದುಕೊಂಡೇ ಬಂದ ಕೊರತೆಗಳ ಪಟ್ಟಿ ಇನ್ನೂ ಇದೆ.

ಮೊದಲನೆಯದು ವಿಷಯದ ಸಾಲು. ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಆ ಸಾಲಿನಲ್ಲಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸಬೇಕು. ಒಂದು ಪೊಟ್ಟಣ 75 ಸಂಕೇತ ಮೀರಬಾರದು ಎಂದು ನಿಯಮ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಇಂಗ್ಲಿಷಿಗೆ 1 ಸಾಕು. ಸಾಮಾನ್ಯವಾಗಿ ಬಳಸುವ ಕಟ್ಟುವಿಕೆಯಲ್ಲಿ ಒಂದು ಪೊಟ್ಟಣಕ್ಕೆ 45 ಬೈಟ್ ಹಿಡಿಸುತ್ತದೆ. ಅಂದರೆ 15 ಕನ್ನಡ ಸಂಕೇತ. 'ಶಿವಮೊಗ್ಗ' ಎಂಬುದಕ್ಕೆ 8 ಸಂಕೇತ, 'ಭದ್ರಾವತಿ' ಎಂಬುದಕ್ಕೂ 8. ನಡುವೆ ಒಂದು ತೆರಪು. ಲೆಕ್ಕ ಹಾಕಿ: 49 ಬೈಟ್! ನಮ್ಮ ಎರಡು ಊರಿನ ಹೆಸರು ಒಂದು ಪೊಟ್ಟಣಕ್ಕೆ ಹಿಡಿಸುವುದಿಲ್ಲ. ಅಕ್ಷರದ ನಡುವೆ ಕತ್ತರಿಸಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಸೋಮಾರಿ ತಂತ್ರಾಂಶ ಕೇಳಬೇಕಲ್ಲ? 45ಕ್ಕೆ ಕುರುಡಾಗಿ ಕತ್ತರಿ ಹಾಕಿದರೆ ಭದ್ರಾವತಿಯ 'ತಿ' ಸರಿಯಾಗಿ ನಡುವೆ ಸೀಳುತ್ತದೆ. ಊರಿನ ಬಾಲದಲ್ಲಿ ಕರಿ ವಜ್ರದೊಳಗಿನ ಪ್ರಶ್ನೆ ಚಿಹ್ನೆ ಕೂರುತ್ತದೆ.

ಎರಡನೆಯದು ಲಗತ್ತು. 'ಅರ್ಜಿ' ಎಂದು ಕನ್ನಡದಲ್ಲಿ ಹೆಸರಿಟ್ಟು ಕಡತ ಕಳಿಸಿದರೆ ಕೆಲವು ಕಡೆ ಅದು ಅಡಿಗೆರೆಗಳ ಸಾಲಾಗಿ, ಇಲ್ಲವೇ ಹೆಸರೇ ಇಲ್ಲದ ಕಡತವಾಗಿ ಇಳಿಯುತ್ತದೆ. ಹೆಸರಿಲ್ಲದ ಕಡತವನ್ನು ವೈರಸ್ ಇರಬಹುದೆಂದು ಯಾರೂ ತೆರೆಯುವುದಿಲ್ಲ. ತಪ್ಪೆಂದೂ ಹೇಳುವಂತಿಲ್ಲ.

ಮೂರನೆಯದು ಹುಡುಕಾಟ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತದೆ. ಶಿವಮೊಗ್ಗದಲ್ಲಿ, ಶಿವಮೊಗ್ಗದಿಂದ, ಶಿವಮೊಗ್ಗಕ್ಕೆ. ಇಡೀ ಪದವನ್ನೇ ಹೋಲಿಸುವ ಹುಡುಕಾಟಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. 'ಶಿವಮೊಗ್ಗ' ಎಂದು ಹುಡುಕಿದರೆ 'ಶಿವಮೊಗ್ಗಕ್ಕೆ' ಎಂದಿರುವ ಪತ್ರ ಸಿಗದೇ ಹೋಗುತ್ತದೆ. ಮೇಲಾಗಿ 'ಮೊ' ಎಂಬುದರ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತ ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಸಮ ಮಾಡಿಕೊಂಡು ಹುಡುಕಬೇಕೆಂಬ ಪಾಠವನ್ನು ತಂತ್ರಾಂಶಕ್ಕೆ ಕಲಿಸದಿದ್ದರೆ ಅದಕ್ಕೆ ಅವು ಎರಡು ಊರು! 'ಪೇಪರ್‌ಟೌನ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದನ್ನು ಬಿಟ್ಟರೆ 'ಪೇಪರ್ಟೌನ್' ಆಗಿ ಅರ್ಕಾವತ್ತು ಬರುತ್ತದೆ. ನೀವೊಂದು ಬಗೆಯಲ್ಲಿ ಬರೆದು ಗೆಳೆಯ ಇನ್ನೊಂದು ಬಗೆಯಲ್ಲಿ ಹುಡುಕಿದರೆ ಪತ್ರ ಪೆಟ್ಟಿಗೆಯಲ್ಲೇ ಇದ್ದೂ ಇಲ್ಲದಂತೆ.

ನಾಲ್ಕನೆಯದು ಕಣ್ಣಿಗೇ ಕಾಣುವಂಥದ್ದು. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಳೆದು ಕಟ್ಟಿದ ಪುಟದಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಕೆಳಗಿನ ಒತ್ತು ಹೋದರೆ ಕನ್ನಡದಲ್ಲಿ ಅರ್ಥವೇ ಹೋಗುತ್ತದೆ. ಮೇಲೆ 'ಅಕ' ಮಾತ್ರ ಕಂಡರೆ ಅದು ಅಕ್ಕನೋ ಅಕ್ಷರವೋ, ಹೇಳುವವರು ಯಾರು?

ನಮ್ಮ ಮನೆಯೊಳಗಿನ ಕಸ

ಎಲ್ಲವನ್ನೂ ಅಮೆರಿಕದ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಕನ್ನಡದ ಮನೆಯೊಳಗಿನ ಕಸವನ್ನೂ ನೋಡಬೇಕಲ್ಲ?

ಯೂನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಮೀಸಲಾಗಿತ್ತು. ಅದನ್ನು ತೋರಿಸುವ ಶಕ್ತಿ ಗಣಕಗಳಿಗೆ ಬಂದದ್ದು ತಡವಾಗಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಮೈಕ್ರೋಸಾಫ್ಟ್ ಕೊಟ್ಟ ಕನ್ನಡ ಅಕ್ಷರಮಾದರಿಯ ಹೆಸರೇನು ಗೊತ್ತೆ? ತುಂಗಾ! ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡಲು 2012ರ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ನಾವು ನಮ್ಮ ದಾರಿ ಮಾಡಿಕೊಂಡಿದ್ದೆವು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಲಕ್ಷಾಂತರ ಕೈಗಳಿಗೆ ಕನ್ನಡ ಟೈಪು ಮಾಡಲು ಕಲಿಸಿದವು. ಆ ಋಣ ದೊಡ್ಡದು. ಆದರೆ ಅಂದಿನ ಅಕ್ಷರಮಾದರಿಗಳು ಇಂಗ್ಲಿಷ್ ಸಂಕೇತದ ಮೇಲೆ ಕನ್ನಡದ ವೇಷ ತೊಡಿಸಿದವು. ವೇಷ ಕಳಚಿದರೆ ಒಳಗೆ ಇಂಗ್ಲಿಷ್ ಕಸ. ನುಡಿಯ ಹಳೆ ಅಕ್ಷರದಲ್ಲಿ 'ಕನ್ನಡ' ಎಂದು ಬರೆದು ಕಳಿಸಿದರೆ, ಆ ಅಕ್ಷರಮಾದರಿ ಇಲ್ಲದ ಗಣಕದಲ್ಲಿ 'ನ' ಇರಬೇಕಾದ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು ಕೂತಿರುತ್ತಿತ್ತು. ಅಂಥ ಸಾವಿರಾರು ಇ-ಮೇಲ್‌ಗಳನ್ನು ನಿಮ್ಮ ಅಣ್ಣ ಅಕ್ಕಂದಿರು ಕಂಡಿದ್ದಾರೆ, ಕೇಳಿ ನೋಡಿ.

ಇದನ್ನು ಬಿಟ್ಟು ಯೂನಿಕೋಡಿಗೆ ಬರಬೇಕೆಂದು ದುಡಿದವರಲ್ಲಿ ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಕೆ. ಚಿದಾನಂದ ಗೌಡರೂ ಒಬ್ಬರು. ಸರ್ಕಾರದ ಕನ್ನಡ ತಂತ್ರಾಂಶ ಸಮಿತಿಯ ಅಧ್ಯಕ್ಷರಾಗಿ ಅವರು ಈ ಕೆಲಸ ಮಾಡಿದರು. ಆದರೂ ಇಂದಿಗೂ ಕೆಲವು ಕಚೇರಿಗಳಿಂದ ಹಳೆ ಅಕ್ಷರದ ಸುತ್ತೋಲೆ ಇ-ಮೇಲಿಗೆ ಅಂಟಿಕೊಂಡು ಬರುವುದು ನಿಂತಿಲ್ಲ. ಮೊಬೈಲಿನಲ್ಲಿ ತೆರೆದರೆ ಕಸ. ದೇವರು ವರ ಕೊಟ್ಟರೂ ಪೂಜಾರಿ ಕೊಡ!

'ಇಂಗ್ಲಿಷಿನಲ್ಲೇ ಬರೆದರೆ ಆಯಿತಲ್ಲ?'

ನಿಮ್ಮಲ್ಲೇ ಕೆಲವರು ಹೀಗೆ ಕೇಳುತ್ತೀರಿ. ಸಾಫ್ಟ್‌ವೇರ್ ಕಂಪನಿಗೆ ಅರ್ಜಿ ಹಾಕುವವರಿಗೆ ಇದು ನಿಜವೂ ಇರಬಹುದು. ಆದರೆ ಇಂಗ್ಲಿಷ್ ಬಾರದ ನಿಮ್ಮ ತಂದೆ ತಾಯಿ ಏನು ಮಾಡಬೇಕು? ಒಂದು ದೂರು ಕೊಡಲು ಅವರು ಪಕ್ಕದ ಸೈಬರ್ ಅಂಗಡಿಯ ಹುಡುಗನ ಮುಂದೆ ನಿಂತು ತಮ್ಮ ಸಂಕಟವನ್ನು ಬಾಯಲ್ಲಿ ಹೇಳಿ, ಅವನು ಬರೆದದ್ದೇ ಸರಿ ಎಂದು ನಂಬಿ, ದುಡ್ಡು ಕೊಟ್ಟು ಬರಬೇಕೆ? 1963ರಲ್ಲೇ ಕನ್ನಡ ಈ ರಾಜ್ಯದ ಆಡಳಿತ ಭಾಷೆ ಎಂದು ಕಾಯಿದೆ ಮಾಡಿದೆವು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಬಂತು. ಆಡಳಿತ ಇ-ಮೇಲಿಗೆ ಹೋಯಿತು. ಕನ್ನಡ ಅಲ್ಲಿಗೆ ಹೋಗದಿದ್ದರೆ ಆ ಕಾಯಿದೆಗಳೆಲ್ಲ ಗೋಡೆಗೆ ತೂಗುಹಾಕಿದ ಪಟ.

ವಿಳಾಸದ ಮಾತಿಗೆ ಮತ್ತೆ ಬರೋಣ. ಇದು ಆಗದ ಕೆಲಸವಲ್ಲ. ಯಾವ ಲಿಪಿಯಲ್ಲಾದರೂ ಇ-ಮೇಲ್ ವಿಳಾಸ ಇರಬಹುದೆಂಬ ಜಾಗತಿಕ ನಿಯಮ 2012ರ ಫೆಬ್ರವರಿಯಲ್ಲೇ ಸಿದ್ಧವಾಯಿತು. 2014ರ ಆಗಸ್ಟ್‌ನಲ್ಲಿ ಜಿಮೇಲ್ ಇಂಥ ವಿಳಾಸಗಳಿಗೆ ಪತ್ರ ಕಳಿಸಲು, ಅವುಗಳಿಂದ ಪಡೆಯಲು ಒಪ್ಪಿತು. ಆದರೆ ತಾನೇ ಅಂಥ ವಿಳಾಸ ಕೊಡಲಿಲ್ಲ. ಅತಿಥಿಗೆ ಜಗುಲಿಯಲ್ಲಿ ಜಾಗ, ಒಳಗೆ ಇಲ್ಲ! ಜೈಪುರದ ಡೇಟಾ ಎಕ್ಸ್‌ಜೆನ್ ಟೆಕ್ನಾಲಜೀಸ್ ಕಂಪನಿ 2016ರಲ್ಲಿ ಡೇಟಾಮೇಲ್ ಎಂಬ ಹೆಸರಿನಲ್ಲಿ ಭಾರತೀಯ ಭಾಷೆಗಳ ವಿಳಾಸ ಕೊಡತೊಡಗಿತು. 2017ರಲ್ಲಿ ರಾಜಸ್ಥಾನ ಸರ್ಕಾರ ತನ್ನ ಜನರಿಗೆ ಹಿಂದಿಯಲ್ಲಿ ಇ-ಮೇಲ್ ವಿಳಾಸ ಕೊಡುವುದಾಗಿ ಪ್ರಕಟಿಸಿತು. ಕನ್ನಡ ಲಿಪಿಯದೇ ಆದ '.ಭಾರತ' ಎಂಬ ವಲಯವೂ ಅಂತರಜಾಲದಲ್ಲಿ ಇದೆ. ದಾರಿ ಇದೆ, ಗಾಡಿ ಇದೆ. ಹಿಂದಿಗೆ ಆದದ್ದು ಕನ್ನಡಕ್ಕೆ ಯಾಕಾಗಬಾರದು? ಶಿವಮೊಗ್ಗ ಮಹಾನಗರ ಪಾಲಿಕೆಗೆ, ಭದ್ರಾವತಿ ನಗರಸಭೆಗೆ, ಕುವೆಂಪು ಅವರ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ಕನ್ನಡ ಅಕ್ಷರದ ಇ-ಮೇಲ್ ವಿಳಾಸ ಯಾಕಿರಬಾರದು?

ಕೊಟ್ಟರೂ ಇನ್ನೊಂದು ಗೋಡೆ ಇದೆ. ಬ್ಯಾಂಕು, ರೈಲು, ಪರೀಕ್ಷೆ, ಎಲ್ಲದರ ಅರ್ಜಿಯಲ್ಲೂ ಇ-ಮೇಲ್ ಕೇಳುತ್ತಾರೆ. ಇಂಗ್ಲಿಷ್ ಅಕ್ಷರ ಇಲ್ಲದಿದ್ದರೆ 'ವಿಳಾಸ ತಪ್ಪಾಗಿದೆ' ಎನ್ನುವಂತೆ ಬರೆದ ಅರ್ಜಿ ಪುಟಗಳು ಲೆಕ್ಕವಿಲ್ಲದಷ್ಟಿವೆ. ತಪ್ಪಿರುವುದು ವಿಳಾಸದಲ್ಲಲ್ಲ. ಪುಟ ಬರೆದವರು ಒಂದು ಸಾಲು ತಿದ್ದಬೇಕು. ತಿದ್ದಿ ಎಂದು ಕೇಳುವವರು ಬೇಕು.

ಕೇಳುವವರು ಯಾರು?

2021ರ ಜೂನ್ ನೆನಪಿದೆಯೇ? ಭಾರತದ ಅತಿ ಕೆಟ್ಟ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ನಾಡು ಸಿಡಿದೆದ್ದಿತು. ಸರ್ಕಾರ ನೋಟಿಸಿನ ಮಾತಾಡಿತು. ಕಂಪನಿ ಆ ಉತ್ತರ ತೆಗೆದು ಕ್ಷಮೆ ಕೇಳಿತು. ನಾವು ಎದ್ದರೆ ಎಂಥ ದೊಡ್ಡ ಕಂಪನಿಯೂ ಕೂರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಗೆಳೆಯರೇ, ಬೈಗುಳಕ್ಕೆ ಎದ್ದ ನಾವು ದಿನವೂ ಕನ್ನಡದ ಕಾಲು ಕತ್ತರಿಸುತ್ತಿರುವುದಕ್ಕೆ ಯಾಕೆ ಏಳುವುದಿಲ್ಲ? ಬೈಗುಳ ಒಂದು ದಿನದ್ದು. ಒಡೆದ ವಿಷಯದ ಸಾಲು, ಸಿಗದ ಹುಡುಕಾಟ, ಸತ್ತ ಅರ್ಜಿ ನಿತ್ಯದ್ದು.

ಕೂಗಿದರೆ ಮಾತ್ರ ಆಗುವ ಕೆಲಸ ಇದಲ್ಲ. ದೂರು ಬರೆಯಬೇಕು. ಅದಕ್ಕೆ ಈ ನಾಲ್ಕು ಕೆಲಸ ಇಂದೇ ಹಿಡಿಯಿರಿ.

ಒಂದು: ನಿಮ್ಮ ಇ-ಮೇಲ್ ಖಾತೆಯಲ್ಲಿ ಕಳಿಸುವವರ ಹೆಸರನ್ನು ಕನ್ನಡಕ್ಕೆ ಬದಲಿಸಿ. ವಿಳಾಸ ಆಗದಿದ್ದರೂ ಹೆಸರು ಆಗುತ್ತದೆ. ಹತ್ತು ಸಾವಿರ ಪತ್ರ ಕನ್ನಡ ಹೆಸರು ಹೊತ್ತು ಹೋದರೆ ಅದನ್ನು ಒಡೆಯುವ ತಂತ್ರಾಂಶ ಯಾವುದೆಂದು ತಾನೇ ಬಯಲಾಗುತ್ತದೆ.

ಎರಡು: ಸರ್ಕಾರಿ ಕಚೇರಿಗೆ ಬರೆಯುವಾಗ ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. 'ಈ ಪತ್ರ ಕನ್ನಡದಲ್ಲಿ ಸರಿಯಾಗಿ ತಲುಪಿದೆಯೇ, ತಿಳಿಸಿ' ಎಂದು ಕೊನೆಯಲ್ಲಿ ಸೇರಿಸಿ. ಹಳೆ ಅಕ್ಷರದ ಸುತ್ತೋಲೆ ಬಂದರೆ ಯೂನಿಕೋಡಿಗೆ ಬದಲಿಸಿ ಕಳಿಸಿ ಎಂದು ವಿನಯದಿಂದ ವಾಪಸು ಬರೆಯಿರಿ. ಕೇಳದಿದ್ದರೆ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಪ್ರತಿ ಕಳಿಸಿ.

ಮೂರು: ಪತ್ರ ಕೆಟ್ಟು ಬಂದರೆ ನಕ್ಕು ಅಳಿಸಬೇಡಿ. ಪರದೆಯ ಚಿತ್ರ ತೆಗೆಯಿರಿ. ಯಾವ ತಂತ್ರಾಂಶದಿಂದ ಯಾವುದಕ್ಕೆ ಹೋಯಿತು, ಏನು ಬರೆದಿತ್ತು, ಏನು ಕಂಡಿತು ಎಂದು ನಾಲ್ಕು ಸಾಲು ಬರೆದು ಕಂಪನಿಯ ಸಹಾಯ ಪುಟದಲ್ಲಿ ಹಾಕಿ. ಒಬ್ಬರಲ್ಲ, ಒಂದು ಕಾಲೇಜಿನ ಇನ್ನೂರು ಜನ ಹಾಕಿ.

ನಾಲ್ಕು: ಎಂಜಿನಿಯರಿಂಗ್ ಓದುವವರಿಗೆ ಒಂದು ವಿಶೇಷ ಮಾತು. ರೌಂಡ್‌ಕ್ಯೂಬ್‌ನಂಥ ಇ-ಮೇಲ್ ತಂತ್ರಾಂಶಗಳ ಒಡಲು ತೆರೆದೇ ಇದೆ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ನವುಲೆಯ ಜೆಎನ್ಎನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರತಿ ವರ್ಷ ಕೊನೆಯ ವರ್ಷದವರು ಪ್ರಾಜೆಕ್ಟ್ ಮಾಡಲೇಬೇಕು. ಎಲ್ಲರೂ ಮಾಡಿದ್ದನ್ನೇ ಮತ್ತೆ ಮಾಡುವ ಬದಲು ಇಬ್ಬರು ಕನ್ನಡ ವಿಷಯದ ಸಾಲನ್ನೋ ಕನ್ನಡ ಹುಡುಕಾಟವನ್ನೋ ತಿದ್ದಿ ತೋರಿಸಲಿ. ಅಂಕವೂ ಸಿಗುತ್ತದೆ, ನಾಡಿನ ಋಣವೂ ತೀರುತ್ತದೆ.

ತುಂಗೆ ಭದ್ರೆ ಕೂಡಲಿಯಲ್ಲಿ ಸೇರಿ ಮುಂದೆ ಹರಿಯುತ್ತವೆ. ಅವಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕನ್ನಡದ ಅಕ್ಷರಕ್ಕೂ ಇಂಥದೇ ಹರಿವು ಬೇಕು. ನವೆಂಬರಿನಲ್ಲಿ ಬಾವುಟ ಹಾರಿಸುವ ಕೈ ಡಿಸೆಂಬರಿನಲ್ಲಿ ದೂರು ಬರೆಯದಿದ್ದರೆ ಆ ಬಾವುಟಕ್ಕೆ ಬೆಲೆಯಿಲ್ಲ. ಮೊದಲ ದೂರನ್ನು ನೀವೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ!